ಇಲ್ಲದ ಕಡತವನ್ನು ಕೂಗುವ ಕಂಪ್ಯೂಟರ್

ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮೊದಲು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತೇವೆ, ಆಮೇಲೆ ಯುಪಿಎಸ್ ಗುಂಡಿ ಒತ್ತಿ ಕಂಪ್ಯೂಟರ್ ಚಾಲೂ ಮಾಡುತ್ತೇವೆ, ಆಮೇಲೆ ಪರದೆಯ ನಡುವೆ ಮೂಡುವ ಚಿಕ್ಕದೊಂದು ಚೌಕದಲ್ಲಿ 'ಓಕೆ' ಒತ್ತುತ್ತೇವೆ. ಈ ಮೂರನೆಯದೂ ಮೊದಲೆರಡರಷ್ಟೇ ನಿತ್ಯವಿಧಿಯಾಗಿ ಏಳು ತಿಂಗಳು ನಡೆದುಹೋಯಿತು. ಚೌಕದ ನೆತ್ತಿಯ ಮೇಲೆ 'ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್' ಎಂಬ ಹೆಸರು, ಅದರ ಕೆಳಗೆ ಇಂಥ ಸ್ಕ್ರಿಪ್ಟ್ ಕಡತ (ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದಿಟ್ಟ ಕಡತ) ಸಿಗುತ್ತಿಲ್ಲ ಎಂಬ ಒಂದು ಸಾಲು, ಆ ಸಾಲಿನೊಳಗೆ ಉದ್ದನೆಯದೊಂದು ವಿಳಾಸ. ಕಡತ ಸಿಗದಿದ್ದರೂ ನಮ್ಮ ಯಾವ ಕೆಲಸವೂ ನಿಂತಿರಲಿಲ್ಲವಾದ್ದರಿಂದ ಆ ವಿಳಾಸವನ್ನು ಕೊನೆಯವರೆಗೆ ಓದುವ ತಾಳ್ಮೆಯನ್ನು ನಾನು ತೋರಲೇ ಇಲ್ಲ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನನ್ನು ಕೇಳಿದರೆ, "ಅದು ದಿನಾ ಬರ್ತೈತಿ ಬಿಡ್ರಿ ಅಕ್ಕಾ, ಓಕೆ ಒತ್ತಿದ್ರ ಹೋಗ್ತೈತಿ" ಎನ್ನುತ್ತಿದ್ದ. ಹೋಗುತ್ತಿದ್ದದ್ದೂ ನಿಜ.

ದಾವಣಗೆರೆಯ ನ್ಯಾಯಾಲಯದ ಆಸುಪಾಸಿನಲ್ಲಿ ಟೈಪಿಂಗ್, ಜೆರಾಕ್ಸ್, ಡಿಟಿಪಿ ಎಂದು ಬೋರ್ಡು ಹಾಕಿಕೊಂಡಿರುವ ಅಂಗಡಿಗಳ ಪೈಕಿ ನಮ್ಮದೂ ಒಂದು. ಅಫಿಡವಿಟ್, ಬಾಡಿಗೆ ಕರಾರು, ಕ್ರಯಪತ್ರದ ಕರಡು ವರ್ಷವಿಡೀ ಇರುತ್ತವೆ. ಮದುವೆಯ ದಿನಗಳಲ್ಲಿ ಲಗ್ನಪತ್ರಿಕೆಯ ಕೆಲಸ ಬಂದು ಸೇರಿಕೊಳ್ಳುತ್ತದೆ. ಆ ದಿನ ಜಗಳೂರಿನ ಕಡೆಯ ಹಿರಿಯರೊಬ್ಬರ ಜಮೀನಿನ ಪತ್ರ ಟೈಪ್ ಮಾಡುತ್ತಿದ್ದೆ. ಕಣ್ಣು ಕೈಬರಹದ ಕರಡಿನ ಮೇಲಿತ್ತು, ಬೆರಳು ಕೀಬೋರ್ಡಿನ ಮೇಲಿತ್ತು, ಪರದೆಯನ್ನು ನೋಡುತ್ತಿರಲಿಲ್ಲ. ಮುದ್ರಿಸಿ ಕೊಟ್ಟ ಹಾಳೆಯನ್ನು ವಕೀಲರು ಓದಿ, ಸರ್ವೆ ನಂಬರಿನ ಮೇಲೆ ಪೆನ್ನಿನಿಂದ ಒಂದು ಸುತ್ತು ಹಾಕಿ ಹಿಂದಿರುಗಿಸಿದರು. 47/2 ಎಂದಿರಬೇಕಾದ ಕಡೆ ಬರೀ 47 ಇತ್ತು. ಓರೆಗೆರೆಯೂ ಎರಡೂ ಎಲ್ಲಿ ಹೋದವು ಎಂದು ನನಗೆ ತಿಳಿಯಲಿಲ್ಲ. ಒತ್ತಿದ್ದು ಬೆರಳಿಗೆ ನೆನಪಿತ್ತು. ಆ ಸಾಲಿನ ಮುಂದಿನ ಒಂದು ಎಂಟರ್ ಕೂಡ ಕಾಣೆಯಾಗಿದ್ದನ್ನು ನೋಡಿದಾಗ ಹೊಳೆಯಿತು: ನಾನು ಟೈಪ್ ಮಾಡುತ್ತಿದ್ದ ಆ ಕ್ಷಣದಲ್ಲೇ ಚೌಕವು ನಾವು ಪುಟ ಜೋಡಿಸುವ ಪೇಜ್‌ಮೇಕರಿನ ಮುಂದೆ ಬಂದು ನಿಂತಿದೆ, ಓರೆಗೆರೆಯನ್ನೂ ಎರಡನ್ನೂ ತಾನು ಪಡೆದುಕೊಂಡು ಸುಮ್ಮನಿದೆ, ಎಂಟರ್ ಬಿದ್ದೊಡನೆ ಅದನ್ನೇ 'ಓಕೆ' ಎಂದು ಭಾವಿಸಿ ಮರೆಯಾಗಿದೆ. ವಕೀಲರು ನೋಡದೇ ಹೋಗಿದ್ದರೆ ಆ ತಪ್ಪು ನೋಂದಣಿಯವರೆಗೂ ಹೋಗುತ್ತಿತ್ತು.

ಅಲ್ಲಿಗೆ 'ಓಕೆ' ಒತ್ತುವ ಕಾಲ ಮುಗಿಯಿತು ಎಂದುಕೊಂಡು, ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರನ್ನು ಕರೆಸಿದೆ. ಅವರು ಚೌಕವನ್ನು ಒಂದೇ ಸಲ ನೋಡಿ, ಕುರ್ಚಿಯಲ್ಲಿ ಕೂರದೆಯೇ, ಫಾರ್ಮ್ಯಾಟ್ ಹೊಡೆಯಬೇಕು, ಅಂದರೆ ಸಿ ಡ್ರೈವನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಎಂದರು. ಫಾರ್ಮ್ಯಾಟ್ ಎಂದರೆ ನನಗೆ ಭಯವೇನಿಲ್ಲ, ಕಡತಗಳೆಲ್ಲ ಡಿ ಡ್ರೈವಿನಲ್ಲಿವೆ, ಅವುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿಯೂ ಇದೆ. ಆದರೆ ಕನ್ನಡ ಟೈಪ್ ಮಾಡುವ ನುಡಿ, ಪೇಜ್‌ಮೇಕರ್, ಎರಡು ಪ್ರಿಂಟರ್, ಒಂದು ಸ್ಕ್ಯಾನರ್, ವರ್ಷಗಳಿಂದ ಕೂಡಿಟ್ಟ ಅಕ್ಷರ ವಿನ್ಯಾಸಗಳು, ಇವೆಲ್ಲವನ್ನೂ ಮತ್ತೆ ಹಾಕಿ ಕೈಗೆ ಹೊಂದಿಸಿಕೊಳ್ಳಲು ಎರಡು ದಿನ ಹೋಗುತ್ತವೆ. ಅಂಗಾಲಿನ ಮುಳ್ಳಿಗೆ ಕಾಲನ್ನೇ ಕತ್ತರಿಸಲು ಹೊರಟಂತೆ ಕಂಡಿತು. ನೋಡೋಣ ಎಂದು ಹೇಳಿ ಕಳುಹಿಸಿದೆ.

ಎರಡನೆಯ ಸಲಹೆ ಬಂದದ್ದು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗನಿಂದ. "ಅತ್ತೆ, ಆ ಹೆಸರಿನ ಒಂದು ಖಾಲಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ಮಾಡಿ ಅದೇ ಜಾಗದಲ್ಲಿ ಇಟ್ಟುಬಿಡಿ, ಮೆಸೇಜ್ ಬರೋದು ನಿಲ್ಲುತ್ತೆ" ಎಂದ. ಅದು ನಿಲ್ಲುವುದು ನಿಜ. ಖಾಲಿ ಸ್ಕ್ರಿಪ್ಟನ್ನು ಓಡಿಸಿದರೆ ಕಂಪ್ಯೂಟರ್ ಏನೂ ಮಾಡದೆ, ಏನೂ ಹೇಳದೆ ಸುಮ್ಮನಾಗುತ್ತದೆ. ಆದರೆ ಅದನ್ನು ಓಡಿಸು ಎಂಬ ಆಜ್ಞೆ ಹಾಗೆಯೇ ಜೀವಂತವಾಗಿರುತ್ತದೆ. ನಾಳೆ ಅದೇ ಜಾಗದಲ್ಲಿ ಅದೇ ಹೆಸರಿನ ಬೇರೊಂದು ಕಡತ ಬಂದು ಕುಳಿತರೆ, ಆ ಕಡತವು ಯಾರ ಅಪ್ಪಣೆಯನ್ನೂ ಕೇಳದೆ ಓಡತೊಡಗುತ್ತದೆ. ಬೊಗಳುವ ನಾಯಿಯ ಬಾಯಿ ಕಟ್ಟಿ ಬಾಗಿಲನ್ನು ತೆರೆದಿಟ್ಟ ಹಾಗೆ. ಇದೇ ಜಾತಿಯ ಇನ್ನೊಂದು ತಪ್ಪು ದಾರಿಯೆಂದರೆ, ಕಾಣೆಯಾದದ್ದು ತಂತ್ರಾಂಶಗಳು ನೆರವಿಗೆ ಕರೆಯುವ ಡಿಎಲ್‌ಎಲ್ ಎಂಬ ಬಗೆಯ ಕಡತವಾಗಿದ್ದಾಗ ಅದರ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ಬಿಡಿ ಡಿಎಲ್‌ಎಲ್‌ಗಳನ್ನು ಹಂಚುವ ಯಾವುದೋ ತಾಣದಿಂದ ಇಳಿಸಿಕೊಂಡು ಸಿಸ್ಟಂ 32 ಫೋಲ್ಡರಿನೊಳಗೆ ತುರುಕುವುದು. ನಿಜವಾಗಿ ಬೇಕಾದ ಡಿಎಲ್‌ಎಲ್ ಆಗಿದ್ದರೆ ಆ ತಂತ್ರಾಂಶವನ್ನೇ ಮತ್ತೊಮ್ಮೆ ಸ್ಥಾಪಿಸಿದಾಗ ಅದು ತಾನಾಗಿ ಬರುತ್ತದೆ; ಬೇಡವಾದದ್ದಾಗಿದ್ದರೆ ತರುವುದೇ ತಪ್ಪು.

ನ್ಯಾಯಾಲಯದ ಹತ್ತಿರ ಕೆಲಸ ಮಾಡುವವರಿಗೆ ಈ ದೋಷದ ಬಗೆಯನ್ನು ವಿವರಿಸುವುದು ಸುಲಭ. ಪ್ರಕರಣ ಬಂದಾಗ ಜವಾನರು ಬಾಗಿಲಿಗೆ ಬಂದು ಪಕ್ಷಗಾರರ ಹೆಸರನ್ನು ಮೂರು ಸಲ ಕೂಗುತ್ತಾರೆ. ಕೂಗುವವರಿಗೆ ಆ ಮನುಷ್ಯ ಇದ್ದಾನೋ, ಊರು ಬಿಟ್ಟಿದ್ದಾನೋ, ತೀರಿಕೊಂಡಿದ್ದಾನೋ ತಿಳಿಯದು. ಪಟ್ಟಿಯಲ್ಲಿ ಹೆಸರಿದೆ, ಆದ್ದರಿಂದ ಕೂಗುತ್ತಾರೆ. ಪಟ್ಟಿಯಿಂದ ಹೆಸರನ್ನು ತೆಗೆಯುವವರೆಗೂ ಪ್ರತಿ ವಾಯಿದೆಗೂ ಕೂಗು ತಪ್ಪದು. ವಿಂಡೋಸ್ ಕೂಡ ಹಾಗೆಯೇ ಚಾಲೂ ಆಗುವಾಗ ತನ್ನಲ್ಲಿರುವ ಹಲವು ಪಟ್ಟಿಗಳನ್ನು ತೆರೆದು ಒಂದೊಂದೇ ಹೆಸರನ್ನು ಕೂಗುತ್ತ ಹೋಗುತ್ತದೆ. ಬಂದವರು ಕೆಲಸಕ್ಕೆ ಇಳಿಯುತ್ತಾರೆ. ಬಾರದವರ ಬಗ್ಗೆ ಒಂದು ಚೌಕ ಮೂಡುತ್ತದೆ. ಆದ್ದರಿಂದ ಕಾಣೆಯಾದ ಕಡತವನ್ನು ಹುಡುಕಿ ತರುವುದು ನಮ್ಮ ಕೆಲಸವಲ್ಲ, ಆ ಹೆಸರು ಯಾವ ಪಟ್ಟಿಯಲ್ಲಿ ಉಳಿದಿದೆ ಎಂದು ಕಂಡುಹಿಡಿದು ಅಲ್ಲಿಂದ ತೆಗೆಯುವುದು ಕೆಲಸ. ನಾನು ಓಡಿಸಿ ನೋಡಿದ 'ಎಸ್‌ಎಫ್‌ಸಿ ಸ್ಕ್ಯಾನ್‌ನೌ' ಎಂಬ ಆಜ್ಞೆಯು ಒಂದೂ ದೋಷವಿಲ್ಲ ಎಂದು ವರದಿ ಕೊಟ್ಟದ್ದು ಇದೇ ಕಾರಣಕ್ಕೆ. ಅದು ವಿಂಡೋಸಿನ ಸ್ವಂತ ಕಡತಗಳು ಸರಿಯಾಗಿವೆಯೇ ಎಂದು ಮಾತ್ರ ನೋಡುತ್ತದೆ, ಹೊರಗಿನವರು ಪಟ್ಟಿಯಲ್ಲಿ ಬರೆಸಿ ಹೋದ ಹೆಸರುಗಳ ಗೊಡವೆಗೆ ಹೋಗುವುದಿಲ್ಲ.

ಹೇಳಲೇಬೇಕಾದ ಒಂದು ವ್ಯತ್ಯಾಸವಿದೆ. ಗುಂಡಿ ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ, ವಿಂಡೋಸಿನ ಗುರುತು ಕಾಣುವುದಕ್ಕೂ ಮೊದಲೇ, ಕಡತ ಇಲ್ಲ ಎಂಬ ಸಂದೇಶ ಬಂದರೆ ಅದು ಬೇರೆಯೇ ರೋಗ. ಹಳೆಯ ಎಕ್ಸ್‌ಪಿ ಯಂತ್ರಗಳಲ್ಲಿ ಬರುತ್ತಿದ್ದ 'ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್' ಆ ಬಗೆಯದು. ಅಲ್ಲಿ ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವನ್ನು ಕಿತ್ತು ನೋಡಬೇಕು, ಆಮೇಲೆ ಹಾರ್ಡ್‌ಡಿಸ್ಕಿನ ಮೇಲೆ ಸಂಶಯ ಪಡಬೇಕು. ನಾನು ಹೇಳುತ್ತಿರುವುದು ಡೆಸ್ಕ್‌ಟಾಪ್ ಪೂರ್ತಿ ಬಂದ ಮೇಲೆ ಬರುವ ಚೌಕದ ಮಾತು.

ಈ ಸಲ ಚೌಕವನ್ನು ಮುಚ್ಚುವ ಬದಲು ಓದಿದೆ. ಇಂಥ ಚೌಕಗಳ ಒಂದು ಗುಣ ಬಹಳ ಮಂದಿಗೆ ತಿಳಿದಿಲ್ಲ: ಅದು ಮುಂದಿರುವಾಗ ಕಂಟ್ರೋಲ್ ಮತ್ತು ಸಿ ಒತ್ತಿದರೆ ಅದರೊಳಗಿನ ಅಕ್ಷರಗಳೆಲ್ಲ ನಕಲಾಗುತ್ತವೆ, ನೋಟ್‌ಪ್ಯಾಡಿನಲ್ಲಿ ಅಂಟಿಸಿಕೊಳ್ಳಬಹುದು. ಹಾಗೆ ಅಂಟಿಸಿದಾಗ ಸಿಕ್ಕ ವಿಳಾಸವು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ, ನಮ್ಮ ಖಾತೆಯ ಹೆಸರಿನ ಕೆಳಗೆ, ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಅರ್ಥವಿಲ್ಲದ ಎಂಟೊಂಬತ್ತು ಅಕ್ಷರಗಳ ಹೆಸರು, ಕೊನೆಯಲ್ಲಿ ಚುಕ್ಕಿ ವಿಬಿಎಸ್ ಎಂದಿತ್ತು. ವಿಬಿಎಸ್ ಎಂಬುದು ಒಂದು ಬಗೆಯ ಸ್ಕ್ರಿಪ್ಟ್ ಕಡತದ ಗುರುತು. ಅರ್ಧ ಉತ್ತರ ಅಲ್ಲೇ ಇತ್ತು. ವಿಳಾಸ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನದಾಗಿದ್ದರೆ, ನಾವು ಎಂದೋ ಹಾಕಿ ಆಮೇಲೆ ತೆಗೆದ ಯಾವುದೋ ತಂತ್ರಾಂಶದ ಪಳೆಯುಳಿಕೆ ಎಂದು ತಿಳಿಯಬಹುದು. ಪ್ರಿಂಟರಿನ ಜೊತೆಗೆ ಬರುವ ಸಹಾಯಕ ತಂತ್ರಾಂಶಗಳು ಇದಕ್ಕೆ ಒಳ್ಳೆಯ ಉದಾಹರಣೆ. ಆ್ಯಪ್‌ಡೇಟಾ ಹಾಗಲ್ಲ. ಅದು ಮಾಮೂಲಾಗಿ ಕಣ್ಣಿಗೆ ಕಾಣದಂತೆ ಇರುವ ಫೋಲ್ಡರ್, ಅದರೊಳಗೆ ಬರೆಯಲು ಅಡ್ಮಿನಿಸ್ಟ್ರೇಟರ್ ಅಪ್ಪಣೆಯೂ ಬೇಕಿಲ್ಲ. ಒಳ್ಳೆಯ ತಂತ್ರಾಂಶಗಳೂ ಅದನ್ನು ಬಳಸುತ್ತವೆ ನಿಜ. ಆದರೆ ಅಲ್ಲಿ ಹೆಸರಿಲ್ಲದ ಹೆಸರಿನ ವಿಬಿಎಸ್ ಕಡತವೊಂದಿತ್ತು ಎಂದರೆ ಅದು ವೈರಸ್ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಬಂದದ್ದು ಹೇಗೆ ಎಂಬುದೂ ಊಹೆಗೆ ನಿಲುಕುವಂಥದ್ದೇ. ನಮ್ಮಂಥ ಅಂಗಡಿಯ ಕಂಪ್ಯೂಟರಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಪೆನ್‌ಡ್ರೈವ್ ಸಿಕ್ಕಿಸುತ್ತಾರೆ. ಹಿಂದೆ ಪೆನ್‌ಡ್ರೈವ್ ವೈರಸ್‌ಗಳು ಆಟೋರನ್ ಎಂಬ ಕಡತವನ್ನು ನಂಬಿ ಬದುಕುತ್ತಿದ್ದವು. ಡ್ರೈವ್ ಸಿಕ್ಕಿಸಿದೊಡನೆ ಅವು ತಾವಾಗಿಯೇ ಓಡುತ್ತಿದ್ದವು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿತು, 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ ಅಪ್‌ಡೇಟ್ ಮೂಲಕ ಅದೇ ಕಟ್ಟುಪಾಡನ್ನು ತಂದಿತು. ಆಮೇಲೆ ನಾವೆಲ್ಲ ಶಾರ್ಟ್‌ಕಟ್ ವೈರಸ್ ಎಂದು ಕರೆಯುವ ಬಗೆ ಹಬ್ಬಿತು. ಅದು ಪೆನ್‌ಡ್ರೈವಿನಲ್ಲಿರುವ ನಿಜವಾದ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್‌ಗಳನ್ನು ಎದುರಿಗೆ ಇಡುತ್ತದೆ. 'ಮದುವೆ ಫೋಟೋ' ಎಂದು ನೀವು ತೆರೆಯುವುದು ಫೋಲ್ಡರನ್ನಲ್ಲ, ಒಂದು ಆಜ್ಞೆಯನ್ನು. ಆ ಆಜ್ಞೆಯು ಮೊದಲು ವಿಬಿಎಸ್ ಕಡತವನ್ನು ನಿಮ್ಮ ಕಂಪ್ಯೂಟರಿನೊಳಗೆ ನಕಲು ಮಾಡಿ, ಅದರ ಹೆಸರನ್ನು ಪಟ್ಟಿಯಲ್ಲಿ ಬರೆಸಿ, ಆಮೇಲೆ ಫೋಟೋಗಳನ್ನೂ ತೆರೆದು ತೋರಿಸುತ್ತದೆ. ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ನಮ್ಮ ಆಂಟಿವೈರಸ್ ಯಾವುದೋ ಒಂದು ದಿನ ಕಡತವನ್ನು ಗುರುತಿಸಿ ಅಳಿಸಿದೆ, ಪಟ್ಟಿಯಲ್ಲಿದ್ದ ಹೆಸರನ್ನು ಮಾತ್ರ ಬಿಟ್ಟಿದೆ. ಹಾಗೆ ನೋಡಿದರೆ ಏಳು ತಿಂಗಳು ನಾವು ಬೈದುಕೊಂಡ ಆ ಚೌಕ ಶುಭಸಮಾಚಾರವನ್ನೇ ಹೇಳುತ್ತಿತ್ತು: ಕರೆದೆ, ಅವನು ಬರಲಿಲ್ಲ.

ಆದರೂ ಅವನ ಸಂಗಾತಿಗಳು ಉಳಿದಿರಬಹುದಲ್ಲ. ಆದ್ದರಿಂದ ಪಟ್ಟಿಗೆ ಕೈ ಹಾಕುವ ಮೊದಲು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ಇದು ಕಂಪ್ಯೂಟರನ್ನು ಮರುಚಾಲನೆ ಮಾಡಿ, ವಿಂಡೋಸ್ ಪೂರ್ತಿ ಏಳುವುದರೊಳಗೆ ಹುಡುಕುತ್ತದೆ. ಕಾಲು ಗಂಟೆಯ ಕೆಲಸ. ಏನೂ ಸಿಗಲಿಲ್ಲ.

ಮೊದಲ ಪಟ್ಟಿ ಎಲ್ಲಕ್ಕಿಂತ ಸರಳವಾದದ್ದು. ವಿಂಡೋಸ್ ಗುರುತಿನ ಕೀ ಮತ್ತು ಆರ್ ಒತ್ತಿ, ಶೆಲ್, ಕೋಲನ್, ಸ್ಟಾರ್ಟ್‌ಅಪ್ ಎಂದು ಟೈಪ್ ಮಾಡಿದರೆ ಸ್ಟಾರ್ಟ್‌ಅಪ್ ಫೋಲ್ಡರ್ ತೆರೆಯುತ್ತದೆ. ನಮ್ಮದರಲ್ಲಿ ಏನೂ ಇರಲಿಲ್ಲ. ಎರಡನೆಯದು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ವಿಭಾಗ. ವಿಂಡೋಸ್ 8ರಿಂದ ಈಚೆಗೆ ಇದು ಅಲ್ಲಿದೆ, ಅದಕ್ಕೂ ಮೊದಲು ಎಂಎಸ್‌ಕಾನ್ಫಿಗ್ ಎಂಬ ಬೇರೊಂದು ಸಲಕರಣೆಯಲ್ಲಿ ಇರುತ್ತಿತ್ತು. ಅಲ್ಲಿ ನನಗೆ ಚಿತ್ರವಿಲ್ಲದ, ತಯಾರಕರ ಹೆಸರಿಲ್ಲದ, ಬರೀ 'ಪ್ರೋಗ್ರಾಂ' ಎಂದಷ್ಟೇ ಬರೆದ ಒಂದು ನಮೂದು ಸಿಕ್ಕಿತು. ಸಿಕ್ಕಿಬಿದ್ದ ಎಂದು ಹಿಗ್ಗಿದೆ. ಮೇಲಿನ ತಲೆಬರಹದ ಸಾಲಿನ ಮೇಲೆ ಬಲಗಡೆಯ ಗುಂಡಿ ಒತ್ತಿ 'ಕಮಾಂಡ್ ಲೈನ್' ಎಂಬ ಕಾಲಂ ಸೇರಿಸಿಕೊಂಡರೆ ಪ್ರತಿಯೊಂದು ನಮೂದೂ ಯಾವ ಕಡತವನ್ನು ಕರೆಯುತ್ತದೆ ಎಂಬುದು ಕಾಣುತ್ತದೆ. ನೋಡಿದರೆ ಅದು ನಾವು ಮೂರು ವರ್ಷದ ಹಿಂದೆ ಮಾರಿದ ಪ್ರಿಂಟರಿನದು. ಅದನ್ನೂ ನಿಲ್ಲಿಸಿದೆ, ಆದರೆ ಚೌಕ ಮರುದಿನ ಬೆಳಿಗ್ಗೆ ಊದುಬತ್ತಿಯ ಹೊಗೆಯ ಜೊತೆಗೇ ಹಾಜರಾಯಿತು.

ಮೂರನೆಯದು ರಿಜಿಸ್ಟ್ರಿ, ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಡುವ ದಫ್ತರ. ಇದರಲ್ಲಿ 'ರನ್' ಎಂಬ ಹೆಸರಿನ ಕೀಲಿ ಒಂದಲ್ಲ, ಹಲವು ಕಡೆ ಇದೆ: ಈಗ ಒಳಗೆ ಬಂದಿರುವ ಬಳಕೆದಾರರದು ಒಂದು, ಇಡೀ ಯಂತ್ರದ್ದು ಒಂದು, 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ತಂತ್ರಾಂಶಗಳಿಗೆಂದು ಮತ್ತೊಂದು. ಎಲ್ಲವನ್ನೂ ಕಣ್ಣಿನಿಂದ ನೋಡುವ ಬದಲು ನೋಟ್‌ಪ್ಯಾಡಿನಲ್ಲಿದ್ದ ಕಡತದ ಹೆಸರನ್ನು ಹುಡುಕುವ ಚೌಕದಲ್ಲಿ ಹಾಕಿ, ಎಫ್ 3 ಒತ್ತುತ್ತ ರಿಜಿಸ್ಟ್ರಿಯ ಕೊನೆಯವರೆಗೂ ಹೋದೆ. ಎಲ್ಲಿಯೂ ಸಿಗಲಿಲ್ಲ. ಆ ಸಂಜೆ ಸ್ವಲ್ಪ ಹತಾಶಳಾಗಿ ಫಾರ್ಮ್ಯಾಟ್ ಹೊಡೆಯುವವರ ನಂಬರನ್ನು ಫೋನಿನಲ್ಲಿ ಹುಡುಕಿದ್ದೂ ಉಂಟು.

ದಾರಿ ತೋರಿಸಿದ್ದು ಸರ್ವೆ ನಂಬರಿನ ತಪ್ಪೇ. ಅದು ಆದದ್ದು ಮಧ್ಯಾಹ್ನ, ಕಂಪ್ಯೂಟರ್ ಚಾಲೂ ಆಗಿ ಎಷ್ಟೋ ಹೊತ್ತಾದ ಮೇಲೆ. ಚಾಲೂ ಆಗುವಾಗ ಮಾತ್ರ ಓದುವ ಪಟ್ಟಿಯಲ್ಲಿ ಆ ಹೆಸರಿದ್ದರೆ ಮಧ್ಯಾಹ್ನ ಏಕೆ ಕೂಗಬೇಕು? ಇದು ಬೆಳಗಿನ ಚೌಕ ಎಂಬುದು ನಮ್ಮ ನಂಬಿಕೆಯೇ ಹೊರತು ಯಾರೂ ಲೆಕ್ಕ ಇಟ್ಟಿರಲಿಲ್ಲ. ನಡುವೆ ಬಂದವುಗಳನ್ನು ಕರೆಂಟ್ ಹೋಗಿ ಬಂದದ್ದರ ಖಾತೆಗೆ ಹಾಕಿದ್ದೆವು. ಮರುದಿನ ಹುಡುಗನ ಕೈಗೆ ಒಂದು ಚೀಟಿ ಕೊಟ್ಟು, ಚೌಕ ಬಂದಾಗಲೆಲ್ಲ ಸಮಯ ಬರೆದು ಕೂಡಲೇ 'ಓಕೆ' ಒತ್ತು ಎಂದು ಹೇಳಿದೆ. ಸಂಜೆಗೆ ಚೀಟಿಯಲ್ಲಿ ಹೀಗಿತ್ತು: 9-40, 10-40, 11-40, 12-40. ಆಮೇಲೆ ಊಟದ ಹೊತ್ತು, ಆಮೇಲೆ 3-40, 4-40. ಗಂಟೆ ಹೊಡೆದ ಹಾಗೆ.

ಗಂಟೆಗೊಮ್ಮೆ ತಪ್ಪದೆ ಕರೆಯುವ ಪಟ್ಟಿ ವಿಂಡೋಸಿನಲ್ಲಿ ಟಾಸ್ಕ್ ಷೆಡ್ಯೂಲರ್. ಅದನ್ನು ತೆರೆದು ಎಡಗಡೆಯ 'ಲೈಬ್ರರಿ' ಒತ್ತಿದಾಗ ಬಂದ ಹತ್ತು ಹನ್ನೆರಡು ಸಾಲುಗಳಲ್ಲಿ ಒಂದರ ಹೆಸರು ಯಾವುದೋ ಅಪ್‌ಡೇಟ್ ಎಂದಿತ್ತು, ಯಾರು ಮಾಡಿದ್ದು ಎಂಬ ಕಡೆ ನಮ್ಮದೇ ಖಾತೆಯ ಹೆಸರಿತ್ತು. ಟ್ರಿಗರ್ ಕಾಲಮಿನಲ್ಲಿ, ಯಾವ ಬಳಕೆದಾರರು ಲಾಗಿನ್ ಆದರೂ ಶುರುವಾಗಿ ಒಂದು ಗಂಟೆಗೊಮ್ಮೆ ಕೊನೆಯಿಲ್ಲದೆ ಮರುಕಳಿಸತಕ್ಕದ್ದು ಎಂಬ ಅರ್ಥದ ಸಾಲು. ಆ್ಯಕ್ಷನ್ಸ್ ವಿಭಾಗ ತೆರೆದರೆ, ಡಬ್ಲ್ಯುಸ್ಕ್ರಿಪ್ಟ್ ಎಂಬ ವಿಂಡೋಸಿನ ಸಾಚಾ ಕಡತದ ಹೆಸರು, ಅದರ ಮುಂದೆ ನನ್ನ ನೋಟ್‌ಪ್ಯಾಡಿನಲ್ಲಿದ್ದ ಅದೇ ವಿಳಾಸ, ಅಕ್ಷರಕ್ಕೆ ಅಕ್ಷರ. ರಿಜಿಸ್ಟ್ರಿಯ ಹುಡುಕಾಟದಲ್ಲಿ ಇದು ಸಿಗದಿದ್ದುದಕ್ಕೂ ಕಾರಣ ಆಗ ತಿಳಿಯಿತು: ಇಂಥ ಕೆಲಸಗಳ ವಿವರವನ್ನು ವಿಂಡೋಸ್ ತನ್ನ ಸಿಸ್ಟಂ 32ರೊಳಗಿನ ಟಾಸ್ಕ್ಸ್ ಎಂಬ ಫೋಲ್ಡರಿನಲ್ಲಿ ಬೇರೆ ಬೇರೆ ಕಡತಗಳಾಗಿ ಇಟ್ಟಿರುತ್ತದೆ.

ಇಲ್ಲಿ ಒಂದು ಸಣ್ಣ ಸ್ವಾರಸ್ಯವಿದೆ. ಗಂಟೆಗೊಮ್ಮೆ ಬರುವ ಚೌಕ ಏಳು ತಿಂಗಳು ನಮ್ಮ ಲೆಕ್ಕಕ್ಕೆ ಸಿಗದೇ ಉಳಿದದ್ದು ಹೇಗೆ? ಷೆಡ್ಯೂಲರಿನ ಮಾಮೂಲು ಕಟ್ಟಳೆಯಂತೆ, ಒಂದು ಕೆಲಸ ಇನ್ನೂ ಓಡುತ್ತಿದ್ದರೆ ಅದನ್ನೇ ಎರಡನೆಯ ಸಲ ಶುರು ಮಾಡುವಂತಿಲ್ಲ. ಚೌಕವು ಪೇಜ್‌ಮೇಕರಿನ ಹಿಂದೆ ಮರೆಯಾಗಿ ಉಳಿದರೆ, ಯಾರೂ 'ಓಕೆ' ಒತ್ತದ ಕಾರಣ, ಆ ಕೆಲಸ ಮುಗಿದಿಲ್ಲ ಎಂದೇ ಷೆಡ್ಯೂಲರ್ ತಿಳಿದುಕೊಳ್ಳುತ್ತದೆ ಮತ್ತು ಮುಂದಿನ ಗಂಟೆಗಳಲ್ಲಿ ಕೂಗುವುದಿಲ್ಲ. ಹುಡುಗ ಚೀಟಿ ಹಿಡಿದು ಕೂಡಲೇ ಕೂಡಲೇ ಒತ್ತಿದ್ದರಿಂದ ಮಾತ್ರ ಕಾಲದ ಲೆಕ್ಕ ಅಷ್ಟು ಸ್ಪಷ್ಟವಾಗಿ ಸಿಕ್ಕಿತು.

ಆ ಸಾಲನ್ನು ಕೂಡಲೇ ಅಳಿಸಲಿಲ್ಲ. ಮೊದಲು 'ಡಿಸೇಬಲ್' ಮಾಡಿ ಒಂದು ದಿನ ಬಿಟ್ಟೆ. ಚೌಕ ಬರಲಿಲ್ಲ, ಪ್ರಿಂಟರ್ ನಿಲ್ಲಲಿಲ್ಲ, ನುಡಿಯೂ ಮುನಿಸಿಕೊಳ್ಳಲಿಲ್ಲ. ಮೂರನೆಯ ದಿನ ಅಳಿಸಿದೆ. ಅಳಿಸುವ ಕೆಲಸದಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ಈಗಲೂ ಅಂಜಿಕೆ.

ಇಷ್ಟೆಲ್ಲ ಆದ ಮೇಲೆ ಅಣ್ಣನ ಮಗ ಆಟೋರನ್ಸ್ ಎಂಬ ತಂತ್ರಾಂಶವನ್ನು ತೋರಿಸಿಕೊಟ್ಟ. ಮೊದಲೇ ತೋರಿಸಿದ್ದರೆ ಎರಡು ಸಂಜೆ ಉಳಿಯುತ್ತಿದ್ದವು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು ಕಟ್ಟಿದ ಸಿಸ್‌ಇಂಟರ್ನಲ್ಸ್ ಸಲಕರಣೆಗಳ ಗುಂಪಿಗೆ ಇದು ಸೇರಿದೆ. 2006ರಲ್ಲಿ ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗ ಮೈಕ್ರೋಸಾಫ್ಟ್ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಸ್ಟಾರ್ಟ್‌ಅಪ್ ಫೋಲ್ಡರ್, ರಿಜಿಸ್ಟ್ರಿಯ ಎಲ್ಲ ರನ್ ಕೀಲಿಗಳು, ಷೆಡ್ಯೂಲರ್, ಸರ್ವಿಸ್‌ಗಳು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸಿ, ಕರೆದರೆ ಬರಲು ಕಡತವೇ ಇಲ್ಲದ ಸಾಲುಗಳಿಗೆ ಹಳದಿ ಬಣ್ಣ ಹಚ್ಚುತ್ತದೆ. ಸಾಲಿನ ಹಿಂದಿನ ಗುರುತನ್ನು ತೆಗೆದರೆ ಅದು ನಿಲ್ಲುತ್ತದೆ, ಮತ್ತೆ ಹಾಕಿದರೆ ಮರಳಿ ಬರುತ್ತದೆ. ಹಳದಿಯಾದುದೆಲ್ಲ ಅಳಿಸತಕ್ಕದ್ದು ಎಂದು ತಿಳಿಯಬಾರದು. ಹೊಸ ವಿಂಡೋಸಿನಲ್ಲೂ ನಾಲ್ಕಾರು ಹಳದಿ ಸಾಲುಗಳು ಇರಬಹುದು, ಅವುಗಳಿಂದ ತೊಂದರೆಯಿಲ್ಲ. ಚೌಕದಲ್ಲಿ ಕಂಡ ಹೆಸರು ಯಾವುದೋ, ಅದಕ್ಕೆ ಮಾತ್ರ ಕೈ ಹಾಕಬೇಕು.

ಈ ವಿದ್ಯೆ ಬಂದಿದೆ ಎಂಬ ಸುದ್ದಿ ಮನೆಯವರಿಗೆ ತಲುಪಿದ್ದೇ ತಡ, ಎಪಿಎಂಸಿಯಲ್ಲಿ ದಲಾಲಿ ಮಂಡಿ ಇಟ್ಟಿರುವ ಸೋದರಮಾವ ಫೋನ್ ಮಾಡಿದರು. ಮೆಕ್ಕೆಜೋಳದ ಆವಕ ಜೋರಾಗಿರುವ ದಿನಗಳು. ಅಂಗಳದ ತುಂಬ ಚೀಲಗಳು, ತೂಕದವರ ಕೂಗಾಟ, ಗದ್ದಿಗೆಯ ಪಕ್ಕದಲ್ಲಿ ಧೂಳು ಹಿಡಿದ ವಿಂಡೋಸ್ 7ರ ಯಂತ್ರ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ಕೊಡುವುದು 2020ರ ಜನವರಿ 14ಕ್ಕೇ ಮುಗಿದಿದ್ದರೂ ಮಾವನ ಟ್ಯಾಲಿಗೆ ಅದೇ ಸಾಕಾಗಿತ್ತು. ಪರದೆಯ ಮೇಲೆ ವಿಂಡೋಸ್ ಫೋಲ್ಡರಿನ 'ರನ್' ಎಂಬ ವಿಬಿಎಸ್ ಕಡತ ಸಿಗುತ್ತಿಲ್ಲ ಎಂಬ ಚೌಕ. 'ಓಕೆ' ಒತ್ತಿದರೆ ಚೌಕ ಹೋಯಿತು, ಆದರೆ ಹಿಂದೆ ಏನೂ ಇಲ್ಲ: ಐಕಾನಿಲ್ಲ, ಕೆಳಗಿನ ಪಟ್ಟಿಯಿಲ್ಲ, ಬರೀ ಕಪ್ಪು. "ಏನವ್ವಾ, ಲೆಕ್ಕ ಎಲ್ಲಾ ಹೋತಾ?" ಎಂದು ಮಾವ ನನ್ನ ಹಿಂದೆ ನಿಂತು ಮೂರು ಸಲ ಕೇಳಿದರು.

ಲೆಕ್ಕ ಎಲ್ಲೂ ಹೋಗಿರಲಿಲ್ಲ. ವಿಂಡೋಸಿಗೆ ಬಳಕೆದಾರರು ಒಳಗೆ ಬಂದೊಡನೆ ಯೂಸರ್‌ಇನಿಟ್ ಎಂಬ ಕಡತವನ್ನು ಕರೆಯಬೇಕು ಎಂದು ರಿಜಿಸ್ಟ್ರಿಯ ವಿನ್‌ಲಾಗನ್ ಕೀಲಿಯಲ್ಲಿ ಬರೆದಿರುತ್ತದೆ. ಡೆಸ್ಕ್‌ಟಾಪನ್ನು ತಂದು ಹಾಸುವುದು ಆ ಕಡತದ ಕೆಲಸ. ವೈರಸ್ ಅಲ್ಲಿ ಯೂಸರ್‌ಇನಿಟ್ ಹೆಸರನ್ನು ಅಳಿಸಿ ತನ್ನ ಸ್ಕ್ರಿಪ್ಟಿನ ಹೆಸರನ್ನು ಬರೆದಿತ್ತು. ಆಂಟಿವೈರಸ್ ಆ ಸ್ಕ್ರಿಪ್ಟನ್ನು ಅಳಿಸಿದ ಮೇಲೆ ಹಾಸುವವರೇ ಯಾರೂ ಉಳಿಯಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದಾಗ ಟಾಸ್ಕ್ ಮ್ಯಾನೇಜರ್ ಬಂತು. ಅದರ ಫೈಲ್ ಮೆನುವಿನಿಂದ ಹೊಸ ಕೆಲಸ ಎಂದು ಆರಿಸಿ, ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದೆ. ಮೊದಲು ಆ ಕೀಲಿಯನ್ನು 'ಎಕ್ಸ್‌ಪೋರ್ಟ್' ಮಾಡಿ ಒಂದು ಪ್ರತಿ ಇಟ್ಟುಕೊಂಡೆ. ಆಮೇಲೆ ನನ್ನ ಕೈ ಒಂದು ಕ್ಷಣ ತಪ್ಪಲಿಕ್ಕೆ ಹೋಗಿತ್ತು: ವೈರಸ್ಸಿನ ಹೆಸರು ಕಂಡ ಸಿಟ್ಟಿನಲ್ಲಿ ಯೂಸರ್‌ಇನಿಟ್ ಎಂಬ ಇಡೀ ನಮೂದನ್ನೇ ಅಳಿಸುವವಳಿದ್ದೆ. ಅದನ್ನು ಅಳಿಸಿ ಕಂಪ್ಯೂಟರನ್ನು ಮರುಚಾಲನೆ ಮಾಡಿದ್ದರೆ ಒಳಗೆ ಬಂದ ಮರುಕ್ಷಣವೇ ಹೊರಗೆ ಹಾಕುವ ಸ್ಥಿತಿ ಬರುತ್ತಿತ್ತು, ಆಗ ರಿಜಿಸ್ಟ್ರಿಗೆ ಹೋಗುವ ದಾರಿಯೂ ಇರುತ್ತಿರಲಿಲ್ಲ. ಅಳಿಸಬಾರದು, ತಿದ್ದಬೇಕು. ಸಿ ಡ್ರೈವ್, ವಿಂಡೋಸ್, ಸಿಸ್ಟಂ 32, ಯೂಸರ್‌ಇನಿಟ್ ಚುಕ್ಕಿ ಇಎಕ್ಸ್‌ಇ ಎಂದು ಬರೆದು, ಕೊನೆಯಲ್ಲಿ ಒಂದು ಅಲ್ಪವಿರಾಮ ಇಟ್ಟೆ. ಅಲ್ಲಿ ಅಲ್ಪವಿರಾಮ ಇರುವುದೇ ಸರಿಯಾದ ರೂಪ. ಬರಹ ತಿದ್ದುವ ಅಭ್ಯಾಸವಿರುವ ನನ್ನಂಥವರಿಗೆ ಅದನ್ನು ತೆಗೆಯುವ ಆಸೆ ಬರುತ್ತದೆ. ಕಂಪ್ಯೂಟರ್ ಮತ್ತೆ ಎದ್ದಾಗ ಮಾವನ ಟ್ಯಾಲಿ ತನ್ನ ಜಾಗದಲ್ಲೇ ಇತ್ತು. ಮಿರ್ಚಿ ಮಂಡಕ್ಕಿ ತರಿಸಿದರು.

ಅಂಗಡಿಯಲ್ಲಿ ಈಗ ಪೆನ್‌ಡ್ರೈವಿಗೆಂದು ಬಾಗಿಲ ಹತ್ತಿರ ಹಳೆಯ ಕಂಪ್ಯೂಟರ್ ಒಂದನ್ನು ಬೇರೆಯಾಗಿ ಇಟ್ಟಿದ್ದೇವೆ. ಅದರಲ್ಲಿ ಕಡತಗಳ ಹೆಸರಿನ ಕೊನೆಯ ಭಾಗವೂ ಮರೆಯಾದ ಫೋಲ್ಡರುಗಳೂ ಕಾಣುವಂತೆ ಮಾಡಿದ್ದೇನೆ. ಹೋದ ವಾರ ಒಬ್ಬಾಕೆ ಮಗಳ ಲಗ್ನಪತ್ರಿಕೆಗೆ ಫೋಟೋ ತಂದಿದ್ದರು. ಸಿಕ್ಕಿಸಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್. ಅವುಗಳನ್ನು ತೆರೆಯದೆ, ಕಪ್ಪು ಪರದೆಯಲ್ಲಿ ಅಟ್ರಿಬ್ ಎಂಬ ಆಜ್ಞೆಗೆ ಎಚ್, ಆರ್, ಎಸ್ ಮೂರರ ಹಿಂದೆಯೂ ಕಳೆಯುವ ಗುರುತು ಹಾಕಿ ಓಡಿಸಿದಾಗ ನಿಜವಾದ ಫೋಲ್ಡರುಗಳು ಹೊರಗೆ ಬಂದವು. ಶಾರ್ಟ್‌ಕಟ್‌ಗಳನ್ನೂ ವಿಬಿಎಸ್ ಕಡತವನ್ನೂ ಅಳಿಸಿ, ಫೋಟೋ ತೆಗೆದುಕೊಂಡು, ಡ್ರೈವನ್ನು ಹಿಂದಿರುಗಿಸಿದೆ. ಇದನ್ನು ಬೇರೆ ಎಲ್ಲಿಯಾದರೂ ಹಾಕಿದ್ದಿರಾ ಎಂದು ಕೇಳಿದ್ದಕ್ಕೆ, ನಮ್ಮ ಸಾಲಿನಲ್ಲೇ ನಾಲ್ಕು ಬಾಗಿಲು ಆಚೆಗಿರುವ ಜೆರಾಕ್ಸ್ ಅಂಗಡಿಯ ಕಡೆ ಕೈ ತೋರಿಸಿದರು. ಸಂಜೆ ಅಲ್ಲಿಗೆ ಹೋದೆ. ಅವರ ಪರದೆಯ ನಡುವೆಯೂ ಅದೇ ಚೌಕ ನಿಂತಿತ್ತು. ಕೇಳಿದರೆ, "ಅದು ದಿನಾ ಬರ್ತೈತಿ ಮೇಡಂ" ಎಂದರು. ಒಂದು ಕುರ್ಚಿ ಎಳೆದುಕೊಂಡು, ಕಂಟ್ರೋಲ್ ಮತ್ತು ಸಿ ಒತ್ತಿ, ಷೆಡ್ಯೂಲರ್ ತೆರೆದೆ.